ಹೆಜ್ಜೆ ಬಲ್ಲ ವೀರ ಬ್ರೂಸ್ ಲೀ



ನಮ್ಮ ಗೋಡೆ ಪತ್ರಿಕೆಯ ಮಹನೀಯರ ಅಂಕಣದಲ್ಲಿ ಇಲ್ಲಿಯವರೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು, ಜನರಲ್ ತಿಮ್ಮಯ್ಯನವರು, ಕುವೆಂಪುರವರು, ಒನಕೆ ಓಬವ್ವ ಎಲ್ಲರೂ ಬಂದು ಹೋಗಿದ್ದಾರೆ. ಈ ಸಲ ನನ್ನ ಸರದಿ. ನಾನು ಬ್ರೂಸ್ ಲೀಯವರ ಜೀವನ ಚರಿತ್ರೆ ಬರೆಯುತ್ತೇನೆ ಅಂದಾಗ ನಮ್ಮ ಕ್ಲಾಸಿನ ಹುಡುಗರು ಗೊಳ್ ಅಂತ ನಕ್ಕರು. ಫೈಟಿಂಗ್ ವಿಷಯ ಹುಡುಗಿಗೆ ಯಾಕೆ ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಈ ಲೇಖನದಲ್ಲೇ ಇದೆ, ದಯವಿಟ್ಟು ಪೂರ್ತಿ ಓದಿ. ಬಿಸಿಯೂಟದ ಗಂಟೆ ಹೊಡೆಯುವ ಮೊದಲು ಮುಗಿಯದಿದ್ದರೆ ಊಟ ಮಾಡಿ ಮತ್ತೆ ಬನ್ನಿ. ಇದು ಗೋಡೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಬ್ರೂಸ್ ಲೀ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅವರ ಒದೆ, ಅವರ ಕೂಗು, ಸರಪಳಿ ಕಟ್ಟಿದ ಆ ಎರಡು ಕೋಲು. ನಮ್ಮ ಊರಿನ ಕಟಿಂಗ್ ಅಂಗಡಿಯಲ್ಲಿ ಅವರ ಒಂದು ಚಿತ್ರ ಇದೆ. ಬಣ್ಣ ಎಲ್ಲಾ ಮಾಸಿ ಹೋಗಿದೆ. ಅದರಲ್ಲೂ ಮುಷ್ಟಿಯೇ ಎದ್ದು ಕಾಣುವುದು, ಪಾದ ಕಾಣುವುದೇ ಇಲ್ಲ. ನನಗೆ ಅವರ ಪಾದದ ಬಗ್ಗೆ ಬರೆಯಬೇಕು. ಯಾಕಂದ್ರೆ ಅವರು ಬಹಳ ದೊಡ್ಡ ಆಳೇನಲ್ಲ. ಎತ್ತರ 5 ಅಡಿ 7, 8 ಇಂಚು. ತೂಕ ಒಂದು ಐವತ್ತು ಕಿಲೋದ ಕಾಫಿ ಚೀಲಕ್ಕಿಂತ ಹತ್ತು ಹದಿನೈದು ಕಿಲೋ ಜಾಸ್ತಿ, ಅಷ್ಟೇ. ಅದೂ ಅಲ್ಲದೆ ಅವರಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಇಂಥವರು ಹೇಗೆ ಗೆದ್ದರು? ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಹುಟ್ಟಿದಾಗಲೇ ಗೊತ್ತಿರಲಿಲ್ಲ, ಕಲಿತದ್ದು. ಅದೇ ಈ ಕತೆ.

ಬ್ರೂಸ್ ಲೀಯವರು 1940ನೇ ಇಸವಿ ನವೆಂಬರ್ 27ರಂದು ಅಮೆರಿಕ ದೇಶದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, ಚೀನಿಯರ ಆಸ್ಪತ್ರೆಯೊಂದರಲ್ಲಿ ಜನಿಸಿದರು. ಚೀನಿಯರ ಪಂಚಾಂಗದ ಪ್ರಕಾರ ಅದು ಡ್ರ್ಯಾಗನ್ ವರ್ಷ, ಹುಟ್ಟಿದ ಗಳಿಗೆಯೂ ಡ್ರ್ಯಾಗನ್ ಗಳಿಗೆ. ತಂದೆಯ ಹೆಸರು ಲೀ ಹೋಯ್ ಚುಯೆನ್, ತಾಯಿಯ ಹೆಸರು ಗ್ರೇಸ್ ಹೋ. ತಂದೆಯವರು ಹಾಡು, ಕುಣಿತ, ವೇಷ ಎಲ್ಲಾ ಇರುವ ಚೀನಿ ನಾಟಕದ ನಟರು. ನಮ್ಮ ಯಕ್ಷಗಾನದ ಹಾಗೆ ಅಂದುಕೊಳ್ಳಿ. ಅವರ ಮೇಳ ಅಮೆರಿಕದಲ್ಲಿ ತಿರುಗಾಟ ಮಾಡುತ್ತಿದ್ದಾಗ ಈ ಮಗು ಹುಟ್ಟಿದ್ದು. ಮನೆಯವರು ಇಟ್ಟ ಹೆಸರು ಲೀ ಜುನ್ ಫಾನ್. ಬ್ರೂಸ್ ಅನ್ನುವ ಹೆಸರು ಆಸ್ಪತ್ರೆಯಲ್ಲಿ ಇಟ್ಟದ್ದು.

ಮಗುವಿಗೆ ಕೆಲವೇ ತಿಂಗಳಾದಾಗ ಎಲ್ಲರೂ ಹಾಂಗ್‌ಕಾಂಗ್‌ಗೆ ವಾಪಸ್ಸು ಬಂದರು. ಆಗ ಹಾಂಗ್‌ಕಾಂಗ್ ಬ್ರಿಟಿಷರ ಕೈಯಲ್ಲಿತ್ತು. ಅದೇ ವರ್ಷ, ಅಂದರೆ 1941ರ ಡಿಸೆಂಬರಿನಲ್ಲಿ ಜಪಾನಿನ ಸೈನ್ಯ ಬಂದು ಊರನ್ನು ಹಿಡಿದುಕೊಂಡಿತು. 1945ರವರೆಗೆ ಅಲ್ಲಿ ಅವರದೇ ಆಳ್ವಿಕೆ. ಹೀಗೆ ಬ್ರೂಸ್ ಲೀಯವರ ಮೊದಲ ನಾಲ್ಕು ವರ್ಷ ಯುದ್ಧದಲ್ಲೇ ಕಳೆಯಿತು. ಬಾಲ್ಯದಲ್ಲಿ ಅವರು ಒಂದು ಕಡೆ ಕೂತವರಲ್ಲ. ಕೂತಲ್ಲಿ ಕೂರದವನು ಅನ್ನುವ ಅರ್ಥ ಬರುವ ಅಡ್ಡ ಹೆಸರನ್ನೇ ಮನೆಯವರು ಇಟ್ಟಿದ್ದರು. ನಮ್ಮ ಕ್ಲಾಸಲ್ಲೂ ಅಂಥವರು ಇಬ್ಬರಿದ್ದಾರೆ, ಹೆಸರು ಬರೆಯುವುದಿಲ್ಲ. ತಂದೆಯವರ ಪರಿಚಯದಿಂದ ಸಿನಿಮಾದಲ್ಲಿ ಬಾಲನಟರಾದರು. ಹದಿನೆಂಟು ವರ್ಷ ಆಗುವಷ್ಟರಲ್ಲಿ ಸುಮಾರು ಇಪ್ಪತ್ತು ಚಿತ್ರ ಮಾಡಿದ್ದರು. ಆ ಚಿತ್ರಗಳಿಂದಲೇ ಪುಟ್ಟ ಡ್ರ್ಯಾಗನ್ ಅನ್ನುವ ಹೆಸರು ಬಂತು.

ಆದರೆ ಸಿನಿಮಾ ಬಿಟ್ಟು ಹೊರಗೆ ಬಂದರೆ ಬೀದಿಯಲ್ಲಿ ಹೊಡೆದಾಟ. ಯುದ್ಧದ ನಂತರ ಹಾಂಗ್‌ಕಾಂಗ್ ಜನರಿಂದ ತುಂಬಿ ಹೋಗಿತ್ತು, ಹುಡುಗರ ಗುಂಪುಗಳು ಕಟ್ಟಡದ ಮಾಳಿಗೆ ಮೇಲೆ ಹೋಗಿ ಹೊಡೆದಾಡುತ್ತಿದ್ದವು. ಅವರ ತಂದೆ ನಿಧಾನವಾಗಿ ಮಾಡುವ ತಾಯ್ ಚಿ ಅನ್ನುವ ಕಸರತ್ತನ್ನು ಸ್ವಲ್ಪ ಹೇಳಿಕೊಟ್ಟಿದ್ದರು. ಬೀದಿ ಜಗಳಕ್ಕೆ ಅದು ಸಾಕಾಗಲಿಲ್ಲ. ಹದಿಮೂರರ ಆಸುಪಾಸಿನಲ್ಲಿ, ಅಂದರೆ ನನ್ನ ಈಗಿನ ವಯಸ್ಸಿನಲ್ಲಿ, ಅವರು ಇಪ್ ಮ್ಯಾನ್ ಅನ್ನುವ ಗುರುಗಳ ಹತ್ತಿರ ಹೋಗಿ ವಿಂಗ್ ಚುನ್ ವಿದ್ಯೆ ಕಲಿಯಲು ಸೇರಿಕೊಂಡರು. ಗುರುಗಳಿಗಿಂತ ಹೆಚ್ಚಾಗಿ ಹಿರಿಯ ಶಿಷ್ಯರಾದ ವಾಂಗ್ ಶುನ್ ಲಿಯಾಂಗ್ ಅವರ ಕೈಯಲ್ಲಿ ಪಳಗಿದರಂತೆ.

ಈ ವಿಂಗ್ ಚುನ್ ಬಗ್ಗೆ ಒಂದು ಕತೆ ಇದೆ. ಇತಿಹಾಸ ಅಲ್ಲ, ಚೀನಾದಲ್ಲಿ ಬಾಯಿಂದ ಬಾಯಿಗೆ ಬಂದ ಕತೆ. ಬಹಳ ಹಿಂದೆ ಯಿಮ್ ವಿಂಗ್ ಚುನ್ ಅಂತ ಒಬ್ಬಳು ಹುಡುಗಿ ಇದ್ದಳು. ಒಬ್ಬ ಪುಂಡ ಅವಳನ್ನು ಬಲವಂತವಾಗಿ ಮದುವೆ ಆಗುತ್ತೇನೆ ಅಂತ ಕಾಡುತ್ತಿದ್ದ. ಆಗ ಎನ್ಜಿ ಮುಯಿ ಅನ್ನುವ ಸನ್ಯಾಸಿನಿ ಆ ಹುಡುಗಿಗೆ ಒಂದು ವಿದ್ಯೆ ಕಲಿಸಿದಳು. ಶಕ್ತಿ ಇದ್ದವನ ಮುಂದೆ ಶಕ್ತಿ ಇಲ್ಲದವರು ಹೇಗೆ ನಿಲ್ಲಬೇಕು ಅನ್ನುವ ವಿದ್ಯೆ. ಹುಡುಗಿ ಆ ಪುಂಡನನ್ನು ಸೋಲಿಸಿದಳು, ವಿದ್ಯೆಗೆ ಅವಳ ಹೆಸರೇ ಬಂತು. ಈಗ ಹೇಳಿ, ನಮ್ಮ ಕ್ಲಾಸಿನ ಹುಡುಗರೇ, ಬ್ರೂಸ್ ಲೀಯವರ ಮೊದಲ ವಿದ್ಯೆ ಯಾರ ಹೆಸರಿನದು?

ವಿಂಗ್ ಚುನ್‌ನಲ್ಲಿ ಮೊದಲು ಕಲಿಸುವುದು ಹೊಡೆಯುವುದನ್ನಲ್ಲ, ನಿಲ್ಲುವುದನ್ನು. ಕಾಲು ಸ್ವಲ್ಪ ಅಗಲಿಸಿ, ಪಾದದ ಬೆರಳು ಒಳಗಡೆಗೆ ತಿರುಗಿಸಿ, ಮಂಡಿ ಬಗ್ಗಿಸಿ ಒಳಕ್ಕೆ ಒತ್ತಿ ನಿಲ್ಲಬೇಕು. ಇದರ ಹೆಸರೇ ಆಡನ್ನು ಕಾಲಿನಲ್ಲಿ ಅಮುಕಿ ಹಿಡಿಯುವ ನಿಲುವು. ನಮ್ಮ ಮನೆಯಲ್ಲಿ ಆಡಿಗೆ ಔಷಧಿ ಕುಡಿಸುವಾಗ ಅಜ್ಜ ಅದನ್ನು ಎರಡು ಮಂಡಿಯ ಮಧ್ಯೆ ಹೀಗೇ ಹಿಡಿದುಕೊಳ್ಳುತ್ತಾರೆ. ಆಡು ಎಷ್ಟು ಒದ್ದಾಡಿದರೂ ಅಜ್ಜ ಅಲ್ಲಾಡುವುದಿಲ್ಲ. ನೀವೂ ಒಂದು ಸಲ ಹಾಗೆ ನಿಂತು, ಗೆಳೆಯರಿಗೆ ಎದೆ ಹಿಡಿದು ನೂಕಲು ಹೇಳಿ ನೋಡಿ. ನೆಟ್ಟಗೆ ಮರದ ಹಾಗೆ ನಿಂತಾಗ ಬೀಳುತ್ತೀರಿ, ಹೀಗೆ ನಿಂತರೆ ಬೇಗ ಬೀಳುವುದಿಲ್ಲ. (ಹುಲ್ಲಿನ ಮೇಲೆ ಮಾಡಿ, ಸಿಮೆಂಟ್ ಮೇಲೆ ಬೇಡ.)

ಇನ್ನೊಂದು ವಿಷಯ ನಡುಗೆರೆ. ನಮ್ಮ ಹಣೆಯಿಂದ ಹೊಕ್ಕುಳಿನವರೆಗೆ ಮಧ್ಯದಲ್ಲಿ ಒಂದು ಗೆರೆ ಎಳೆದ ಹಾಗೆ ಅಂದುಕೊಳ್ಳಬೇಕು. ಕಣ್ಣು, ಮೂಗು, ಗಂಟಲು, ಹೊಟ್ಟೆ ಎಲ್ಲಾ ಮೆತ್ತಗಿನ ಜಾಗ ಆ ಗೆರೆಯ ಹತ್ತಿರವೇ ಇವೆ. ನಮ್ಮ ಗೆರೆಯನ್ನು ಕಾಯಬೇಕು, ಎದುರಿನವರ ಗೆರೆಗೆ ಹತ್ತಿರದ ದಾರಿಯಲ್ಲಿ ಹೋಗಬೇಕು. ಹೊಡೆತ ಬರುವಾಗ ಆ ಗೆರೆಯನ್ನೇ ಸ್ವಲ್ಪ ಪಕ್ಕಕ್ಕೆ ತಿರುಗಿಸಿಬಿಟ್ಟರೆ ಹೊಡೆತ ಜಾರಿ ಹೋಗುತ್ತದೆ. ವಿಂಗ್ ಚುನ್ ಹತ್ತಿರ ನಿಂತು ಮಾಡುವ ವಿದ್ಯೆ. ಇಬ್ಬರೂ ಕೈಗೆ ಕೈ ತಾಗಿಸಿಕೊಂಡು, ಮುಟ್ಟಿದ್ದರಿಂದಲೇ ಎದುರಿನವರ ಮನಸ್ಸು ತಿಳಿಯುವ ಅಭ್ಯಾಸವೂ ಇದೆ. ದೂರ ಕಾಣದ ಬ್ರೂಸ್ ಲೀಯವರಿಗೆ ಇದು ಸರಿಯಾಗಿ ಹೊಂದಿತು.

ಈಗ ನಿಮಗೆ ಒಂದು ತಮಾಷೆ ವಿಷಯ. 1958ರಲ್ಲಿ ಅವರು ಎರಡು ಸ್ಪರ್ಧೆ ಗೆದ್ದರು. ಒಂದು, ಶಾಲೆ ಶಾಲೆಗಳ ನಡುವಿನ ಬಾಕ್ಸಿಂಗ್. ಅದರಲ್ಲಿ ಗ್ಯಾರಿ ಎಲ್ಮ್ಸ್ ಅನ್ನುವ ಚಾಂಪಿಯನ್‌ನನ್ನು ಸೋಲಿಸಿದರು. ಇನ್ನೊಂದು ಏನು ಗೊತ್ತಾ? ಡ್ಯಾನ್ಸ್! ಚಾ ಚಾ ಅನ್ನುವ ನೃತ್ಯದಲ್ಲಿ ಇಡೀ ಹಾಂಗ್‌ಕಾಂಗ್‌ಗೆ ಅವರು ಚಾಂಪಿಯನ್. ಚಾ ಚಾದ ನೂರೆಂಟು ಬಗೆಯ ಹೆಜ್ಜೆಗಳನ್ನು ಒಂದು ಕಾರ್ಡಿನಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು ಅಂತ ಹೇಳುತ್ತಾರೆ. ಫೈಟಿಂಗ್ ಕಲಿಯುವವರು ಡ್ಯಾನ್ಸ್ ಮಾಡಬಾರದು, ಅದು ಹುಡುಗಿಯರದ್ದು ಅಂತ ನಮ್ಮಲ್ಲಿ ಕೆಲವರು ಶಾಲಾ ವಾರ್ಷಿಕೋತ್ಸವಕ್ಕೆ ಹೆಸರೇ ಕೊಡುವುದಿಲ್ಲ. ಅವರಿಗೆ ಇದನ್ನು ತೋರಿಸಿ. ಒಂದು ಪಾದ ಇಟ್ಟು ಭಾರ ಬದಲಾಯಿಸಿ ತಕ್ಷಣ ಇನ್ನೊಂದು ಪಾದ ಎತ್ತುವುದು ನೃತ್ಯದಲ್ಲೂ ಒಂದೇ, ಹೊಡೆದಾಟದಲ್ಲೂ ಒಂದೇ.

ಬೀದಿ ಜಗಳ ಮಾತ್ರ ನಿಲ್ಲಲಿಲ್ಲ. ವಿಷಯ ಪೊಲೀಸರ ತನಕ ಹೋಯಿತು. ತಂದೆ ತಾಯಿಯರಿಗೆ ಹೆದರಿಕೆ ಆಯಿತು. 1959ರಲ್ಲಿ ಕೈಗೆ 100 ಡಾಲರ್ ಕೊಟ್ಟು ಹಡಗು ಹತ್ತಿಸಿ ಅಮೆರಿಕಕ್ಕೆ ಕಳುಹಿಸಿದರು. ಹಡಗಿನಲ್ಲೂ ಅವರು ಪ್ರಯಾಣಿಕರಿಗೆ ಚಾ ಚಾ ಕಲಿಸಿದರಂತೆ. ಅಲ್ಲಿ ಸಿಯಾಟಲ್ ಎಂಬ ಊರಿನಲ್ಲಿ ರೂಬಿ ಚೌ ಅನ್ನುವವರ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿ, ಅದರ ಮೇಲಿನ ಸಣ್ಣ ಕೋಣೆಯಲ್ಲೇ ಮಲಗಿ, ಓದು ಮುಂದುವರಿಸಿದರು. 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಸೇರಿದರು. ಸಿನಿಮಾದಲ್ಲಿ ಹೆಸರಾಗಿದ್ದ ಹುಡುಗ ಎಂಜಲು ತಟ್ಟೆ ಎತ್ತಿದ್ದು ನನಗೆ ದೊಡ್ಡ ವಿಷಯ ಅನ್ನಿಸುತ್ತದೆ.

ಸಿಯಾಟಲ್‌ನಲ್ಲಿ ಅವರು ವಿದ್ಯೆ ಕಲಿಸಲು ಶುರು ಮಾಡಿದರು. ಅವರ ಮೊದಲ ಶಿಷ್ಯ ಜೆಸ್ಸಿ ಗ್ಲೋವರ್ ಅನ್ನುವ ಕಪ್ಪು ಜನಾಂಗದವರು. ಆ ಕಾಲದಲ್ಲಿ ಅಮೆರಿಕದಲ್ಲಿ ಕಪ್ಪು ಬಿಳಿ ಅನ್ನುವ ಭೇದ ಬಹಳ ಇತ್ತು. ಚೀನಿಯರಲ್ಲೂ ಕೆಲವರು ನಮ್ಮ ವಿದ್ಯೆ ಹೊರಗಿನವರಿಗೆ ಬೇಡ ಅನ್ನುತ್ತಿದ್ದರು. ಬ್ರೂಸ್ ಲೀಯವರು ಚೀನಿ, ಕಪ್ಪು, ಬಿಳಿ, ಜಪಾನಿ ಎಲ್ಲರನ್ನೂ ಸೇರಿಸಿಕೊಂಡರು. 1963ರಲ್ಲಿ ಚೀನಿ ಗುಂಗ್ ಫು ಮತ್ತು ಆತ್ಮರಕ್ಷಣೆಯ ಬಗ್ಗೆ ಒಂದು ಪುಸ್ತಕವನ್ನೂ ಅಚ್ಚು ಮಾಡಿಸಿದರು. ಅವರು ಬದುಕಿರುವಾಗ ತಾವೇ ಹೊರತಂದ ಪುಸ್ತಕ ಅದೊಂದೇ. 1964ರ ಆಗಸ್ಟಿನಲ್ಲಿ ತಮ್ಮ ವಿದ್ಯಾರ್ಥಿನಿಯಾಗಿದ್ದ ಲಿಂಡಾ ಅವರನ್ನು ಮದುವೆಯಾಗಿ ಓಕ್ಲೆಂಡ್ ಊರಿಗೆ ಹೋಗಿ ನೆಲೆಸಿದರು. ಅದೇ ತಿಂಗಳು ಲಾಂಗ್ ಬೀಚ್ ಎಂಬಲ್ಲಿ ನಡೆದ ಕರಾಟೆ ಪಂದ್ಯಾಟದಲ್ಲಿ, ಒಂದೇ ಇಂಚು ದೂರದಿಂದ ಗುದ್ದಿ ಒಬ್ಬರನ್ನು ಹಿಂದಕ್ಕೆ ಬೀಳಿಸಿ ತೋರಿಸಿದರು. ಎಲ್ಲರೂ ಮುಷ್ಟಿ ನೋಡಿದರು. ಆ ಗುದ್ದು ಹುಟ್ಟುವುದು ಪಾದದಲ್ಲಿ. ನೆಲವನ್ನು ಒತ್ತಿದ ಬಲ ಮಂಡಿಗೆ, ಸೊಂಟಕ್ಕೆ, ಭುಜಕ್ಕೆ ಏರಿ ಕೊನೆಗೆ ಮುಷ್ಟಿಗೆ ಬರುತ್ತದೆ.

ಇನ್ನು ಮುಖ್ಯ ಘಟನೆಗೆ ಬರುತ್ತೇನೆ. 1964ರ ಕೊನೆಯಲ್ಲಿ ಓಕ್ಲೆಂಡ್‌ನ ಅವರ ಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ಕಾಳಗ ನಡೆಯಿತು. ಎದುರಾಳಿ ವಾಂಗ್ ಜಾಕ್ ಮ್ಯಾನ್, ಅವರೂ ಚೀನಿ ವಿದ್ಯೆ ಬಲ್ಲವರೇ. ಯಾಕೆ ನಡೆಯಿತು ಅನ್ನುವುದರಲ್ಲೇ ಎರಡು ಪಕ್ಷ ಇದೆ. ಹೊರಗಿನವರಿಗೆ ಕಲಿಸುವುದನ್ನು ನಿಲ್ಲಿಸಲು ಬಂದರು ಅಂತ ಲಿಂಡಾ ಅವರ ಕಡೆಯವರು ಹೇಳಿದರು. ಹಾಗಲ್ಲ, ಬ್ರೂಸ್ ಲೀಯವರೇ ಎಲ್ಲರಿಗೂ ಸವಾಲು ಹಾಕಿದ್ದರು ಅಂತ ವಾಂಗ್ ಕಡೆಯವರು ಹೇಳಿದರು. ಎಷ್ಟು ಹೊತ್ತು ಅನ್ನುವುದಕ್ಕೂ ಹಾಗೇ. ಇವರು ಮೂರು ನಿಮಿಷ ಅಂದರು, ಅವರು ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಅಂದರು. ನಮ್ಮ ಊರಿನ ಹಾಕಿ ಮ್ಯಾಚಿನ ಜಗಳದಲ್ಲೂ ಹೀಗೇ ಆಗುತ್ತದೆ, ಎರಡು ಟೀಮಿನವರನ್ನು ಕೇಳಿದರೆ ಎರಡು ಮ್ಯಾಚ್ ನಡೆದ ಹಾಗೆ ಕಾಣುತ್ತದೆ.

ಲಿಂಡಾ ಅವರ ಪ್ರಕಾರ ಬ್ರೂಸ್ ಲೀಯವರೇ ಗೆದ್ದರು. ಆದರೆ ಗೆದ್ದವರಿಗೆ ಖುಷಿ ಇರಲಿಲ್ಲ. ಯಾಕಂದ್ರೆ ಎದುರಿನವರು ಹತ್ತಿರ ನಿಲ್ಲಲೇ ಇಲ್ಲ, ಸರಿದಾಡಿದರು, ಓಡಿದರು. ಅಟ್ಟಿಸಿಕೊಂಡು ಹೋಗಿ ಹೊಡೆಯಬೇಕಾಯಿತು. ವಿಂಗ್ ಚುನ್‌ನ ನೇರ ಗೆರೆ, ಆಡು ಹಿಡಿದ ನಿಲುವು ಇವೆಲ್ಲಾ ಎದುರಿನವರು ಹತ್ತಿರ ಇದ್ದರೆ ಚೆನ್ನ. ದೂರ ಹೋದವರನ್ನು ಹಿಡಿಯಲು ಆ ನಿಲುವಿನಲ್ಲಿ ಆಗುವುದಿಲ್ಲ. ಅವರಿಗೆ ಉಸಿರು ಕಟ್ಟಿತು, ತೋಳು ಸೋತಿತು. ಗೆದ್ದವರು ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದರಂತೆ. ಬೇರೆಯವರಾಗಿದ್ದರೆ ನಾನು ಗೆದ್ದೆ ಅಂತ ಊರೆಲ್ಲಾ ಹೇಳಿಕೊಂಡು ತಿರುಗುತ್ತಿದ್ದರು. ಇವರು ಹತ್ತು ವರ್ಷ ಕಲಿತ ವಿದ್ಯೆಯನ್ನೇ ಬಿಚ್ಚಿ ಮತ್ತೆ ಹೊಲಿಯಲು ಕುಳಿತರು. ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಅವರು ಓಡಲು ಶುರು ಮಾಡಿದರು, ಹಗ್ಗದಾಟ ಆಡಿದರು. ಬಾಕ್ಸರ್ ಮಹಮ್ಮದ್ ಅಲಿಯವರ ಫಿಲ್ಮ್‌ಗಳನ್ನು ಮತ್ತೆ ಮತ್ತೆ ಹಾಕಿ ಅವರ ಕಾಲು ನೋಡಿದರು. ಅವರ ಅಣ್ಣ ಪೀಟರ್ ಕತ್ತಿವರಸೆಯ ಆಟಗಾರರು. ಯುರೋಪಿನವರು ತೆಳು ಕತ್ತಿ ಹಿಡಿದು ಆಡುತ್ತಾರಲ್ಲ, ಆ ಆಟ. ಬ್ರೂಸ್ ಲೀಯವರು ಕತ್ತಿವರಸೆಯ ಪುಸ್ತಕ ಓದಿ ಅದರ ಹೆಜ್ಜೆಯನ್ನು ಕತ್ತಿ ಇಲ್ಲದೆ ಬಳಸಿದರು. ಬಾಕ್ಸರ್‌ಗಳು ಬಲಗೈಯನ್ನು ಹಿಂದೆ ಇಟ್ಟುಕೊಳ್ಳುತ್ತಾರೆ. ಇವರು ಬಲಗೈ ಬಲಗಾಲು ಎರಡನ್ನೂ ಮುಂದೆ ಇಟ್ಟರು. ಗಟ್ಟಿ ಕೈ ಎದುರಾಳಿಗೆ ಹತ್ತಿರ ಇರಲಿ ಅಂತ. ಹಿಂದಿನ ಪಾದದ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ಸ್ವಲ್ಪ ಎತ್ತಿ ನಿಂತಿರುತ್ತದೆ, ಸ್ಪ್ರಿಂಗಿನ ಹಾಗೆ.

ಅವರ ಹೆಜ್ಜೆಯಲ್ಲಿ ಮುಖ್ಯವಾದದ್ದು ಅಳತೆ. ಎದುರಿನವನು ಕೈ ಚಾಚಿದರೆ ನಾವು ಸಿಗಬಾರದು, ಕಾಲು ಎತ್ತಿದರೂ ಸಿಗಬಾರದು. ಅವನು ಒಂದು ಹೆಜ್ಜೆ ಮುಂದೆ ಬಂದರೆ ಮಾತ್ರ ಸಿಗುವಷ್ಟು ದೂರದಲ್ಲಿ ನಿಲ್ಲಬೇಕು. ಆಗ ಹೊಡೆಯಬೇಕೆಂದರೆ ಅವನು ಮೊದಲು ಹೆಜ್ಜೆ ಇಡಲೇಬೇಕು. ಆ ಹೆಜ್ಜೆಯೇ ನಮಗೆ ಸುದ್ದಿ. ಅವನ ಪಾದ ಗಾಳಿಯಲ್ಲಿರುವಾಗ ಅವನಿಗೆ ಬೇರೇನೂ ಮಾಡಲಾಗುವುದಿಲ್ಲ. ಅಷ್ಟರಲ್ಲಿ ನಾವು ಸರಿಯಬಹುದು, ಇಲ್ಲದಿದ್ದರೆ ಅಲ್ಲೇ ತಡೆದು ಹೊಡೆಯಬಹುದು. ಸರಿಯುವಾಗ ಕಾಲಿಗೆ ಕಾಲು ಕತ್ತರಿ ಹಾಕಬಾರದು. ಎಡಕ್ಕೆ ಹೋಗಬೇಕಾದರೆ ಎಡಗಾಲು ಮೊದಲು, ಹಿಂದೆ ಹೋಗಬೇಕಾದರೆ ಹಿಂದಿನ ಕಾಲು ಮೊದಲು. ಸಣ್ಣ ಸಣ್ಣ ಹೆಜ್ಜೆ. ಓದಲು ಸುಲಭ, ಮಾಡಿ ನೋಡಿ, ಗಡಿಬಿಡಿಯಲ್ಲಿ ಕಾಲಿಗೆ ಕಾಲು ಸಿಕ್ಕಿಕೊಳ್ಳುತ್ತದೆ.

ಅವರು ಮೊದಲು ಹೊಡೆಯಲು ಹೇಳಿದ್ದು ತಲೆಗಲ್ಲ. ಮುಂದಿನ ಕಾಲಿನಿಂದ ಎದುರಾಳಿಯ ಮೊಣಕಾಲು, ಕಣಕಾಲಿಗೆ. ನಮ್ಮ ಕಾಲು ಕೈಗಿಂತ ಉದ್ದ, ಅವನ ಮಂಡಿ ನಮಗೆ ಎಲ್ಲಕ್ಕಿಂತ ಹತ್ತಿರ. ಕೊಡಗಿನ ನಮಗೆ ಇದು ಹೊಸದೇನಲ್ಲ. ಪುತ್ತರಿ ಸಮಯದಲ್ಲಿ ಮಂದ್‌ನಲ್ಲಿ ಕೋಲಾಟ ಆಗುವಾಗ ಪರಿಯಕಳಿ ಆಡುವುದನ್ನು ನೀವೆಲ್ಲಾ ನೋಡಿದ್ದೀರಿ. ಇಬ್ಬರು ಬೆತ್ತ ಹಿಡಿದು ಎದುರು ಬದುರು ಬರುತ್ತಾರೆ, ಹೊಡೆತ ಮೊಣಕಾಲಿನ ಕೆಳಗೇ ಬೀಳಬೇಕು. ಈ ಸಲ ಪುತ್ತರಿಯಲ್ಲಿ ಎಲ್ಲರೂ ಬೆತ್ತ ನೋಡುವಾಗ ನಾನು ಪಾದ ಮಾತ್ರ ನೋಡಿದೆ. ಒಂದೇ ಕಡೆ ನಿಂತವರ ಕಾಲಿಗೆ ಬಾಸುಂಡೆ ಬಂತು. ಅಳತೆ ನೋಡಿ ಒಳಗೆ ಹೊರಗೆ ಆಡುತ್ತಿದ್ದ ವಯಸ್ಸಾದ ಒಬ್ಬರಿಗೆ ಒಂದು ಏಟೂ ಸರಿಯಾಗಿ ತಾಗಲಿಲ್ಲ. ಆಟ ಮುಗಿದ ಮೇಲೆ ಇಬ್ಬರೂ ಅಪ್ಪಿಕೊಂಡರು. ಬ್ರೂಸ್ ಲೀಯವರು ಪರಿಯಕಳಿ ನೋಡಿದ್ದರೆ ಖಂಡಿತಾ ನೋಟ್ ಪುಸ್ತಕ ತೆಗೆಯುತ್ತಿದ್ದರು. ಹಾಕಿಯಲ್ಲೂ ನಮ್ಮ ಪಿ.ಟಿ. ಮೇಷ್ಟ್ರು ಬಯ್ಯುವುದು ಇದಕ್ಕೇ ಅಲ್ವಾ? ಬಾಲಿನ ಹಿಂದೆ ಓಡಬೇಡ, ಬಾಲು ಬರುವ ಜಾಗದಲ್ಲಿ ನಿಲ್ಲು ಅಂತ.

1967ರಲ್ಲಿ ಬ್ರೂಸ್ ಲೀಯವರು ತಮ್ಮ ಹೊಸ ದಾರಿಗೆ ಜೀತ್ ಕುನೆ ಡೋ ಅಂತ ಹೆಸರಿಟ್ಟರು. ತಡೆಯುವ ಮುಷ್ಟಿಯ ದಾರಿ ಅಂತ ಅರ್ಥ. ಯಾವ ಪದ್ಧತಿಯಾದರೂ ಸರಿ, ಕೆಲಸಕ್ಕೆ ಬರುವುದನ್ನು ತೆಗೆದುಕೊಂಡು ಉಳಿದದ್ದನ್ನು ಬಿಡಬೇಕು ಅನ್ನುವುದು ಅವರ ವಿಚಾರ.

ಇಲ್ಲಿ ನಾನು ಹುಡುಗಿಯರಿಗಾಗಿ ಸ್ವಲ್ಪ ಬರೆಯಬೇಕು. ನಮ್ಮಲ್ಲಿ ಬಹಳ ಜನ ಬಸ್ಸು ಇಳಿದು ತೋಟದ ರಸ್ತೆಯಲ್ಲಿ ನಡೆದು ಮನೆ ಸೇರುತ್ತೇವೆ. ಮಳೆಗಾಲದಲ್ಲಿ ಐದು ಗಂಟೆಗೇ ಕತ್ತಲಾದ ಹಾಗೆ ಇರುತ್ತದೆ. ಕಳೆದ ಆಗಸ್ಟಿನಲ್ಲಿ ಒಂದು ದಿನ ಒಬ್ಬ ದೊಡ್ಡವನು ದಾರಿಗೆ ಅಡ್ಡ ನಿಂತ. ಯಾರು ಅಂತ ಇಲ್ಲಿ ಬರೆಯುವುದಿಲ್ಲ. ನಮ್ಮ ಕರಾಟೆ ಮೇಡಂ ಹೇಳಿಕೊಟ್ಟಿದ್ದು ನೆನಪಿತ್ತು, ಹಿಂದಕ್ಕೆ ನೆಟ್ಟಗೆ ಹೋಗಬಾರದು ಅಂತ. ಹಿಂದೆ ಬೇಲಿ, ಬೇಲಿಯ ಆಚೆ ತೋಟ, ಅಲ್ಲಿ ಯಾರೂ ಇಲ್ಲ. ಲೈನ್ ಮನೆಗಳ ದೀಪ ಇದ್ದದ್ದು ಅವನ ಬೆನ್ನ ಹಿಂದೆ. ಅವನು ಒಂದು ಹೆಜ್ಜೆ ಮುಂದೆ ಬರುವ ತನಕ ನಾನು ನಿಂತೇ ಇದ್ದೆ. ಬಂದ ಕೂಡಲೇ ಪಕ್ಕಕ್ಕೆ ಎರಡು ಹೆಜ್ಜೆ ಹಾಕಿ, ಅವನನ್ನು ದಾಟಿ, ಕೂಗಿಕೊಂಡು ಲೈನ್ ಮನೆಗಳ ಕಡೆಗೆ ಓಡಿದೆ. ನಾನು ಹೊಡೆಯಲಿಲ್ಲ. ಅವನು ನನ್ನ ಎರಡರಷ್ಟು ಇದ್ದ. ಮನೆಯಲ್ಲಿ ಎಲ್ಲಾ ಹೇಳಿದೆ, ಮುಂದಿನದ್ದನ್ನು ದೊಡ್ಡವರು ನೋಡಿಕೊಂಡರು. ನೀವೂ ಇಂಥದ್ದು ಆದರೆ ಮನೆಯಲ್ಲಿ ಹೇಳಿ, ಮೇಡಂ ಹತ್ತಿರ ಹೇಳಿ. ಒಂಟಿ ದಾರಿಯಲ್ಲಿ ದೀಪ ಯಾವ ಕಡೆ ಇದೆ, ಮನೆ ಯಾವ ಕಡೆ ಇದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಬಸ್ಸಿನಲ್ಲಿ ನೂಕುನುಗ್ಗಲಿದ್ದರೆ ಬೆನ್ನನ್ನು ಕಂಬಕ್ಕೋ ಸೀಟಿಗೋ ಕೊಟ್ಟು ನಿಲ್ಲಿ. ಬ್ರೂಸ್ ಲೀಯವರ ವಿಷಯ ಹುಡುಗಿಗೆ ಯಾಕೆ ಅಂತ ಕೇಳಿದವರಿಗೆ ಉತ್ತರ ಸಿಕ್ಕಿತು ಅಂದುಕೊಳ್ಳುತ್ತೇನೆ.

ಮತ್ತೆ ಕತೆಗೆ ಬರೋಣ. 1966, 67ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಕೇಟೋ ಅನ್ನುವ ಪಾತ್ರ ಮಾಡಿ ಅವರು ಹೆಸರಾದರು. ಆದರೆ ಚೀನಿ ಮುಖದವರಿಗೆ ನಾಯಕನ ಪಾತ್ರ ಯಾರೂ ಕೊಡಲಿಲ್ಲ. 1970ರ ಆಗಸ್ಟಿನಲ್ಲಿ ಭಾರ ಎತ್ತುವಾಗ ಬೆನ್ನಿಗೆ ಪೆಟ್ಟಾಯಿತು. ಇನ್ನು ಒದೆಯುವುದು ಸಾಧ್ಯವಿಲ್ಲ ಅಂದರು ಡಾಕ್ಟರರು. ಒಬ್ಬ ಮಗ ಬ್ರಾಂಡನ್, ಇನ್ನೂ ಎರಡು ವರ್ಷ ತುಂಬದ ಮಗಳು ಶಾನನ್, ಮನೆಯಲ್ಲಿ ದುಡ್ಡಿಲ್ಲ. ಲಿಂಡಾ ಅವರು ಕೆಲಸಕ್ಕೆ ಹೋಗಿ ಮನೆ ನಡೆಸಿದರು. ಕೂತಲ್ಲಿ ಕೂರದ ಮನುಷ್ಯ ಸುಮಾರು ಆರು ತಿಂಗಳು ಹಾಸಿಗೆಯಲ್ಲೇ ಇರಬೇಕಾಯಿತು. ಅವರು ಸುಮ್ಮನೆ ಮಲಗಲಿಲ್ಲ, ನೋಟ್ ಪುಸ್ತಕ ತುಂಬಾ ಬರೆದರು, ಚಿತ್ರ ಬಿಡಿಸಿದರು. ಆಮೇಲೆ ಮೆಲ್ಲಗೆ ಎದ್ದು ಮತ್ತೆ ಒದೆಯಲು ಕಲಿತರು. ಬೆನ್ನು ನೋವು ಮಾತ್ರ ಕೊನೆಯವರೆಗೂ ಇತ್ತು.

1971ರ ಮೊದಲಲ್ಲಿ ಅವರು ನಮ್ಮ ಭಾರತಕ್ಕೂ ಬಂದಿದ್ದರು! ಒಂದು ಸಿನಿಮಾಕ್ಕೆ ಜಾಗ ನೋಡಲು ಇಬ್ಬರು ಗೆಳೆಯರ ಜೊತೆ ಬಂದು ತಿರುಗಾಡಿದರು. ಆ ಸಿನಿಮಾವನ್ನು ಅವರಿಂದ ಮಾಡಲಾಗಲಿಲ್ಲ.

ಅದೇ ವರ್ಷ ಹಾಂಗ್‌ಕಾಂಗ್‌ಗೆ ಹೋಗಿ ದಿ ಬಿಗ್ ಬಾಸ್ ಮಾಡಿದರು, 1972ರಲ್ಲಿ ಫಿಸ್ಟ್ ಆಫ್ ಫ್ಯೂರಿ. ಎರಡೂ ಹಾಂಗ್‌ಕಾಂಗ್‌ನಲ್ಲಿ ಹಳೆಯ ದಾಖಲೆ ಮುರಿದವು. ನನ್ನ ಮಾವ ಸಣ್ಣವರಿದ್ದಾಗ ಬಾಡಿಗೆಗೆ ವಿ.ಸಿ.ಆರ್. ತಂದು, ಇಡೀ ಲೈನಿನವರು ಸೇರಿ, ರಾತ್ರಿಯೆಲ್ಲಾ ಇವರ ಚಿತ್ರ ನೋಡುತ್ತಿದ್ದರಂತೆ. ಬೆಳಿಗ್ಗೆ ಎದ್ದರೆ ಮಕ್ಕಳೆಲ್ಲಾ ಕಾಫಿ ಗಿಡಕ್ಕೆ ಒದೆಯುತ್ತಿದ್ದರಂತೆ, ಮೇಸ್ತ್ರಿ ಬಯ್ಯುವವರೆಗೆ.

ನಾನು ಮಾವನ ಮೊಬೈಲಿನಲ್ಲಿ ವೇ ಆಫ್ ದಿ ಡ್ರ್ಯಾಗನ್ ನೋಡಿದೆ. ಇದು 1972ರ ಕೊನೆಯ ಚಿತ್ರ, ಕತೆ ನಿರ್ದೇಶನ ಎಲ್ಲಾ ಅವರದ್ದೇ. ಕೊನೆಯಲ್ಲಿ ರೋಮ್ ನಗರದ ಕೊಲೋಸಿಯಂನಲ್ಲಿ ಅವರಿಗೂ ಚಕ್ ನಾರಿಸ್ ಅವರಿಗೂ ಕಾಳಗ ಆಗುತ್ತದೆ. ಒಂದು ಬೆಕ್ಕಿನ ಮರಿ ಕೂತು ನೋಡುತ್ತಿರುತ್ತದೆ. ಮೊದಲು ಬ್ರೂಸ್ ಲೀಯವರಿಗೇ ಪೆಟ್ಟು ಬೀಳುತ್ತದೆ, ನೆಲಕ್ಕೆ ಬೀಳುತ್ತಾರೆ. ಆಮೇಲೆ ಎದ್ದು ಏನು ಮಾಡುತ್ತಾರೆ ನೋಡಿ. ಹೆಚ್ಚು ಜೋರಾಗಿ ಹೊಡೆಯುವುದಿಲ್ಲ. ಕುಣಿಯಲು ಶುರು ಮಾಡುತ್ತಾರೆ, ಅಲಿಯವರ ಹಾಗೆ, ಹಗುರವಾಗಿ. ಎದುರಿನವರ ಒದೆ ಎಲ್ಲಾ ಗಾಳಿಗೆ ಹೋಗುತ್ತದೆ. ಆಮೇಲೆ ಅವರ ಕಾಲಿಗೇ ಒದೆಯುತ್ತಾರೆ. ಓಕ್ಲೆಂಡ್‌ನ ಕೋಣೆಯಲ್ಲಿ ತಮಗೆ ಆಗದೆ ಹೋದದ್ದನ್ನು ಎಂಟು ವರ್ಷದ ನಂತರ ಇಡೀ ಪ್ರಪಂಚಕ್ಕೆ ಮಾಡಿ ತೋರಿಸಿದ ಹಾಗೆ ನನಗೆ ಕಂಡಿತು. ಸತ್ತ ಎದುರಾಳಿಯ ಮೇಲೆ ಅವನದೇ ಅಂಗಿ ಮತ್ತು ಬೆಲ್ಟನ್ನು ಗೌರವದಿಂದ ಹೊದಿಸುವುದು ಆ ದೃಶ್ಯದ ಕೊನೆ.

ಎಂಟರ್ ದಿ ಡ್ರ್ಯಾಗನ್ ಎಲ್ಲರಿಗೂ ಗೊತ್ತು. ಅದರಲ್ಲಿ ಕನ್ನಡಿಗಳ ಕೋಣೆಯ ಫೈಟಿಂಗ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಹಡಗಿನ ದೃಶ್ಯ. ಒಬ್ಬ ಜಗಳಗಂಟ ಇವರನ್ನು ಕೆಣಕುತ್ತಾನೆ. ಇಲ್ಲಿ ಜಾಗ ಸಾಲದು, ದ್ವೀಪಕ್ಕೆ ಹೋಗೋಣ ಅಂತ ಇವರು ಅವನನ್ನು ಸಣ್ಣ ದೋಣಿಗೆ ಇಳಿಸುತ್ತಾರೆ, ತಾವು ಇಳಿಯುವುದಿಲ್ಲ, ಹಗ್ಗ ಸಡಿಲ ಬಿಟ್ಟುಬಿಡುತ್ತಾರೆ. ಜಗಳಗಂಟ ನೀರಿನ ಮೇಲೆ, ಇವರು ಹಡಗಿನ ಮೇಲೆ. ಒಂದು ಹೊಡೆತವೂ ಇಲ್ಲ.

ಈ ಚಿತ್ರ ಬಿಡುಗಡೆ ಆಗುವುದನ್ನು ನೋಡಲು ಅವರು ಇರಲಿಲ್ಲ. 1973ರ ಮೇ 10ರಂದು ಸ್ಟುಡಿಯೋದಲ್ಲಿ ಕುಸಿದು ಬಿದ್ದರು, ಮೆದುಳು ಬಾತುಕೊಂಡಿತ್ತು. ಡಾಕ್ಟರರು ಉಳಿಸಿದರು. ಜುಲೈ 20ರಂದು ತಲೆನೋವು ಅಂತ ಒಂದು ಮಾತ್ರೆ ತೆಗೆದುಕೊಂಡು ಮಲಗಿದವರು ಏಳಲಿಲ್ಲ. ಆಗ ಅವರಿಗೆ 32 ವರ್ಷ. ನಮ್ಮ ಕ್ಲಾಸಿನಲ್ಲಿ ಕೆಲವರು ವಿಷ ಹಾಕಿದರು, ಶಾಪ ತಟ್ಟಿತು ಅಂತೆಲ್ಲಾ ಹೇಳುತ್ತಾರೆ. ಅದಕ್ಕೆ ಆಧಾರ ಇಲ್ಲ. ಮಾತ್ರೆ ಮೈಗೆ ಒಗ್ಗದೆ ಮತ್ತೆ ಮೆದುಳು ಬಾತು ಸತ್ತರು ಅಂತ ಆಗ ವಿಚಾರಣೆಯಲ್ಲಿ ತೀರ್ಮಾನವಾಯಿತು. ಈಚೆಗೆ ಕೆಲವರು ಬಿಸಿಲ ಝಳ ಕಾರಣ, ಮೈಯಲ್ಲಿ ನೀರು ಹೆಚ್ಚಾದದ್ದು ಕಾರಣ ಅಂತಲೂ ಬರೆದಿದ್ದಾರೆ.

ಸಿಯಾಟಲ್‌ನಲ್ಲಿ ಅವರನ್ನು ಮಣ್ಣು ಮಾಡಿದರು. ಅವರ ಮಗ ಬ್ರಾಂಡನ್ ಕೂಡಾ ನಟರಾಗಿ, 1993ರಲ್ಲಿ ಶೂಟಿಂಗ್‌ನಲ್ಲಿ ಬಂದೂಕಿನ ಅವಘಡದಿಂದ 28ನೇ ವಯಸ್ಸಿಗೆ ತೀರಿಕೊಂಡು, ತಂದೆಯ ಪಕ್ಕದಲ್ಲೇ ಮಲಗಿದ್ದಾರೆ. 2005ರಲ್ಲಿ ಹಾಂಗ್‌ಕಾಂಗ್‌ನ ಸಮುದ್ರ ದಂಡೆಯಲ್ಲಿ ಬ್ರೂಸ್ ಲೀಯವರ ಪ್ರತಿಮೆ ನಿಂತಿತು.

ಬೆನ್ನು ನೋವಿನಲ್ಲಿ ಮಲಗಿ ಬರೆದ ಆ ನೋಟ್ ಪುಸ್ತಕಗಳನ್ನು ಲಿಂಡಾ ಅವರು ಜೋಪಾನವಾಗಿ ಇಟ್ಟಿದ್ದರು. ಅವರು ತೀರಿಕೊಂಡ ಎರಡು ವರ್ಷಕ್ಕೆ, 1975ರಲ್ಲಿ, ಆ ಬರಹ ಚಿತ್ರ ಎಲ್ಲಾ ಸೇರಿಸಿ ಪುಸ್ತಕವಾಗಿ ಅಚ್ಚಾಯಿತು. ಅದರಲ್ಲಿ ಅಳತೆಯ ಬಗ್ಗೆ, ಹೆಜ್ಜೆಯ ಬಗ್ಗೆ ಬೇರೆಯೇ ಭಾಗ ಇದೆ. ಮಾವ ಅದರ ಕೆಲವು ಚಿತ್ರಗಳನ್ನು ತೋರಿಸಿದರು. ಅದನ್ನು ನೋಡಿ ಪಾದ ಇಡುವ ಕ್ರಮವನ್ನು ನಾನು ಈ ಹಾಳೆಯ ಕೆಳಗೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ. ಬಾಣದ ಗುರುತು ಇರುವುದು ಮೊದಲು ಎತ್ತುವ ಕಾಲು.

— 7ನೇ ತರಗತಿ ವಿದ್ಯಾರ್ಥಿನಿ